ಮುಚ್ಚಿಟ್ಟ ಬಾಧೆ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು. ಇಂದಿಗೂ ಬೀದಿಯವರೆಲ್ಲರ ಬಾಯಲ್ಲಿ ಅವರು ‘ಮೇಷ್ಟ್ರು’. 2021ರಲ್ಲಿ ಅವರ ಎಡ ಅಂಗಾಲಿನಲ್ಲಿ, ಹಿಮ್ಮಡಿಗೆ ಸಮೀಪವಾಗಿ, ಕಪ್ಪು ಕಲೆಯೊಂದು ಕಾಣಿಸಿಕೊಂಡಿತು. ಆಣಿಯಿರಬೇಕೆಂದು ಭಾವಿಸಿ ಔಷಧದಂಗಡಿಯಿಂದ ಪಟ್ಟಿ ತಂದು ಅಂಟಿಸಿಕೊಂಡರು. ಕಲೆ ಹರಡಿತು; ಅದರ ಅಂಚು ಅಂಕುಡೊಂಕಾಯಿತು; ಒಂದು ದಿನ ಒಡೆದು ರಕ್ತವೂ ಒಸರಿತು. ಆಗಲೂ ಮುಳ್ಳು ಚುಚ್ಚಿದ ಗಾಯವೆಂದೇ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ವೈದ್ಯರ ಬಳಿಗೆ ಹೋದುದು, ತೊಡೆಯ ಸಂದಿಯಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೆ. ಪರೀಕ್ಷೆಯಾಯಿತು. ಅದು ಮೆಲನೋಮ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರು. ಅಷ್ಟರಲ್ಲಾಗಲೇ ಅದು ಶ್ವಾಸಕೋಶವನ್ನು ಮುಟ್ಟಿತ್ತು.

ಈ ರೋಗದ ಹೆಸರು ನಮ್ಮ ಜನರ ಕಿವಿಗೆ ಅಷ್ಟಾಗಿ ಬಿದ್ದುದಲ್ಲ. ಬಿಳಿಯ ಚರ್ಮದವರು ಹೆಚ್ಚಾಗಿರುವ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಂಥ ದೇಶಗಳಲ್ಲಿ ಸುಡುವ ಬಿಸಿಲೇ ಇದಕ್ಕೆ ಮುಖ್ಯ ಕಾರಣ. ನಮ್ಮಂಥ ಕಂದುಬಣ್ಣದವರಲ್ಲಿ ಇದು ವಿರಳ. ಆದರೆ ಬಂದಾಗ, ಬಿಸಿಲೇ ಕಾಣದ ಅಂಗಾಲನ್ನೋ ಅಂಗೈಯನ್ನೋ ಉಗುರಿನ ಅಡಿಯನ್ನೋ ಆರಿಸಿಕೊಳ್ಳುವುದುಂಟು. ಜಮೈಕದ ಪ್ರಖ್ಯಾತ ಗಾಯಕ ಬಾಬ್ ಮಾರ್ಲಿ 1981ರಲ್ಲಿ, ಇನ್ನೂ 36ರ ವಯಸ್ಸಿನಲ್ಲಿ ತೀರಿಕೊಂಡುದು ಕಾಲ್ಬೆರಳಿನಲ್ಲಿ ಹುಟ್ಟಿದ ಇದೇ ವ್ಯಾಧಿಯಿಂದ. ಆಣಿಯೆಂದೋ ಏಟಿನ ಕಲೆಯೆಂದೋ ಎಣಿಸಿ ತಡಮಾಡುವುದು ಸುಲಭ. ತಡಮಾಡಿದರೆ ತೆರಬೇಕಾದ ಬೆಲೆ ದೊಡ್ಡದು.

ಈ ಶತಮಾನದ ಮೊದಲ ಹತ್ತು ವರ್ಷಗಳವರೆಗೆ, ಮೈಯೊಳಗೆ ಹರಡಿದ ಮೆಲನೋಮಕ್ಕೆ ಹೇಳಿಕೊಳ್ಳುವಂಥ ಮದ್ದು ಇರಲಿಲ್ಲ. ಬಹುಮಂದಿ ವರ್ಷ ತುಂಬುವುದರೊಳಗಾಗಿ ಕಣ್ಮುಚ್ಚುತ್ತಿದ್ದರು. 2011ರಲ್ಲಿ ಇಪಿಲಿಮುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು; 2014ರಲ್ಲಿ ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್ ಎಂಬ ಇನ್ನೆರಡು ಬಂದುವು. ಇವು ಕ್ಯಾನ್ಸರನ್ನು ತಾವೇ ಕೊಲ್ಲುವ ಔಷಧಗಳಲ್ಲ. ನಮ್ಮ ಮೈಯ ಕಾವಲನ್ನು ಎಬ್ಬಿಸುವಂಥವು.

ವಾಚಕರು ಮನೆಯ ಕಾವಲಿಗೆ ಕಟ್ಟಿದ ನಾಯಿಯನ್ನು ನೆನೆಯಲಿ. ರಕ್ತದಲ್ಲಿ ಸಂಚರಿಸುವ ಟಿ-ಕೋಶಗಳೆಂಬ ಬಿಳಿಯ ಕಣಗಳೇ ಆ ನಾಯಿ. ಸಿಕ್ಕಸಿಕ್ಕವರನ್ನೆಲ್ಲ ಕಚ್ಚದಿರಲೆಂದು ಪ್ರಕೃತಿ ಅದಕ್ಕೊಂದು ಸರಪಳಿ ಹಾಕಿದೆ. ಕ್ಯಾನ್ಸರೆಂಬ ಕಳ್ಳ ಆ ಸರಪಳಿಯನ್ನೇ ಬಿಗಿಹಿಡಿದು ನಿರ್ಭಯವಾಗಿ ಮನೆಯೊಳಗೆ ಓಡಾಡುತ್ತಾನೆ. ಹೊಸ ಔಷಧ ಮಾಡುವುದು ಸರಪಳಿಯನ್ನು ಬಿಚ್ಚುವ ಕೆಲಸವೊಂದನ್ನೇ. ಈ ಮರ್ಮವನ್ನು ಕಂಡುಹಿಡಿದುದಕ್ಕಾಗಿ ಅಮೆರಿಕದ ಜೇಮ್ಸ್ ಅಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ವೈದ್ಯಕೀಯದ ನೊಬೆಲ್ ಪಾರಿತೋಷಕ ಬಂದಿತು.

ಬಿಚ್ಚಿದ ನಾಯಿ ಕಳ್ಳನನ್ನು ಅಟ್ಟುತ್ತದೆ, ನಿಜ. ಆದರೆ ಕೆಲವೊಮ್ಮೆ ಮನೆಯವರ ಕಾಲಿಗೂ ಬಾಯಿ ಹಾಕುತ್ತದೆ. ಕರುಳು, ಯಕೃತ್ತು, ಶ್ವಾಸಕೋಶ, ಕೀಲು, ಗ್ರಂಥಿಗಳು, ತೀರ ಅಪರೂಪವಾಗಿ ಹೃದಯ, ಹೀಗೆ ಯಾವ ಅಂಗವೂ ಈ ಕಡಿತಕ್ಕೆ ಹೊರತಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

945 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ಹತ್ತು ವರ್ಷಗಳ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಇಪಿಲಿಮುಮ್ಯಾಬ್ ಮತ್ತು ನಿವೊಲುಮ್ಯಾಬ್‌ಗಳನ್ನು ಜೊತೆಯಾಗಿ ಪಡೆದವರಲ್ಲಿ ಹತ್ತು ವರ್ಷಗಳ ಕೊನೆಗೆ ಜೀವಂತವಾಗಿದ್ದವರು ನೂರಕ್ಕೆ 43. ಅದೇ ಗುಂಪಿನಲ್ಲಿ ತೀವ್ರವಾದ ಅಡ್ಡಪರಿಣಾಮಗಳನ್ನು ಅನುಭವಿಸಿದವರು ಅರ್ಧಕ್ಕಿಂತ ಹೆಚ್ಚು. ಈ ಲೆಕ್ಕ ಬಹುಮಟ್ಟಿಗೆ ಬಿಳಿಯರದೆಂಬುದನ್ನೂ, ಅಂಗಾಲಿನ ಮೆಲನೋಮ ಈ ಔಷಧಗಳಿಗೆ ಅಷ್ಟು ಸುಲಭವಾಗಿ ಮಣಿಯುವುದಿಲ್ಲವೆಂಬುದನ್ನೂ ಮರೆಯಬಾರದು. ಮೇಷ್ಟ್ರ ವೈದ್ಯರು ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಯೇ ಚಿಕಿತ್ಸೆ ಆರಂಭಿಸಿದರು.

ಮೂರು ವಾರಗಳಿಗೊಮ್ಮೆ ಬೆಂಗಳೂರಿಗೆ ಪ್ರಯಾಣ. ರಕ್ತನಾಳದ ಮೂಲಕ ಹನಿಹನಿಯಾಗಿ ಔಷಧ. ಒಂದೊಂದು ಸಲಕ್ಕೂ ಲಕ್ಷಗಟ್ಟಲೆ ಖರ್ಚು. ಊರಿನ ನಿವೇಶನ ಮಾರಾಟವಾಯಿತು. ಎರಡು ಸಲದ ಔಷಧ ಸುಸೂತ್ರವಾಗಿ ಮುಗಿಯಿತು. ಮೂರನೆಯದಕ್ಕೆ ಹೋಗುವ ಹೊತ್ತಿಗೆ ಮೇಷ್ಟ್ರು ಇಳಿದುಹೋಗಿದ್ದರು. ಪ್ರಯಾಣದ ಆಯಾಸವೆಂದು ನಾವೆಲ್ಲ ನಂಬಿದೆವು. ಆಸ್ಪತ್ರೆಯಲ್ಲಿ ವೈದ್ಯರು “ಹೊಟ್ಟೆ ಹೇಗಿದೆ?” ಎಂದು ಕೇಳಿದರೆ, “ಎಲ್ಲ ಚೆನ್ನಾಗಿದೆ” ಎಂದರಂತೆ.

ಪಕ್ಕದಲ್ಲಿ ಕುಳಿತಿದ್ದವರು ಅವರ ಮನೆಯಾಕೆ. ನಲವತ್ತು ವರ್ಷಗಳಲ್ಲಿ ಹೊರಗಿನವರೆದುರು ಗಂಡನ ಮಾತಿಗೆ ಎದುರಾಡಿದವರಲ್ಲ. ಅಂದು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, “ಡಾಕ್ಟರೇ, ಇವರು ಸುಳ್ಳು ಹೇಳ್ತಿದಾರೆ. ಎಂಟು ದಿನದಿಂದ ಭೇದಿ. ನಿನ್ನೆ ರಾತ್ರಿಯೊಂದರಲ್ಲೇ ನಾಲ್ಕು ಸಲ ಎದ್ದಿದ್ದಾರೆ. ಮಜ್ಜಿಗೆ ಅನ್ನವೂ ಸೇರ್ತಿಲ್ಲ,” ಎಂದುಬಿಟ್ಟರು.

ಮೇಷ್ಟ್ರು ಏಕೆ ಮುಚ್ಚಿಟ್ಟರು? ಗಣಿತದ ಮೇಷ್ಟ್ರಲ್ಲವೆ, ಅವರದೂ ಒಂದು ಲೆಕ್ಕವಿತ್ತು. ಬಾಧೆಯನ್ನು ಹೇಳಿದರೆ ಔಷಧ ನಿಲ್ಲುತ್ತದೆ. ಔಷಧ ನಿಂತರೆ ಆಸೆಯೂ ನಿಲ್ಲುತ್ತದೆ. ಮಾರಿದ ನಿವೇಶನ ನೀರಿನ ಪಾಲಾಗುತ್ತದೆ. ಇಂಥ ಲೆಕ್ಕ ಹಾಕುವವರು ಅವರೊಬ್ಬರೇ ಅಲ್ಲವೆಂದು ಆ ವೈದ್ಯರು ನಿಟ್ಟುಸಿರಿಟ್ಟರಂತೆ.

ಲೆಕ್ಕ ತಪ್ಪಾಗಿತ್ತು. ಅದು ಸಾಮಾನ್ಯ ಭೇದಿಯಲ್ಲ. ಟಿ-ಕೋಶಗಳು ದೊಡ್ಡ ಕರುಳಿನ ಒಳಪದರವನ್ನೇ ಸುಡುತ್ತಿದ್ದುವು. ಹೀಗೆಯೇ ಬಿಟ್ಟರೆ ಕರುಳು ತೂತಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಮನೆಯಲ್ಲಿದ್ದ ಭೇದಿಯ ಮಾತ್ರೆ ನುಂಗಿ ಲಕ್ಷಣವನ್ನು ಅಡಗಿಸಿಟ್ಟುದೂ ಅಪಾಯವೇ. ಮೂರನೆಯ ಔಷಧ ಕೊಡಲಿಲ್ಲ. ಅಂದೇ ಆಸ್ಪತ್ರೆಗೆ ಸೇರಿಸಿ, ಉರಿಯನ್ನು ತಣಿಸುವ ಸ್ಟೀರಾಯಿಡನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರು. ಹನ್ನೊಂದು ದಿನಗಳ ಬಳಿಕ ಮೇಷ್ಟ್ರು ಮನೆಗೆ ಬಂದರು. ಸ್ಟೀರಾಯಿಡ್ ಮಾತ್ರೆಯನ್ನು ವಾರವಾರವೂ ಸ್ವಲ್ಪಸ್ವಲ್ಪವಾಗಿಯೇ ಇಳಿಸಬೇಕಾಯಿತು. ಕ್ಯಾನ್ಸರಿನ ಔಷಧವಂತೂ ನಿಂತೇಹೋಯಿತು.

“ಮುಗಿಯಿತಲ್ಲ,” ಎಂದರು ಮೇಷ್ಟ್ರು. ವೈದ್ಯರು ಕೊಟ್ಟ ಉತ್ತರ ಎಲ್ಲ ರೋಗಿಗಳ ಕಿವಿಗೂ ಬೀಳತಕ್ಕದ್ದು. ಅಡ್ಡಪರಿಣಾಮದಿಂದಾಗಿ ಈ ಔಷಧಗಳನ್ನು ನಡುವೆಯೇ ನಿಲ್ಲಿಸಿದವರಲ್ಲಿಯೂ ಅನೇಕರಿಗೆ ಗುಣ ಮುಂದುವರಿಯುತ್ತದೆ; ಕಳ್ಳನ ವಾಸನೆ ಹಿಡಿದ ನಾಯಿ ಅದನ್ನು ಬೇಗ ಮರೆಯುವುದಿಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ, 90ರ ವಯಸ್ಸಿನಲ್ಲಿ, ಯಕೃತ್ತು ಮತ್ತು ಮೆದುಳಿಗೆ ಹರಡಿದ ಮೆಲನೋಮ ಪತ್ತೆಯಾಗಿತ್ತು. ಶಸ್ತ್ರಕ್ರಿಯೆ, ವಿಕಿರಣ, ಪೆಂಬ್ರೊಲಿಜುಮ್ಯಾಬ್‌ಗಳ ನೆರವಿನಿಂದ ಆ ವರ್ಷದ ಡಿಸೆಂಬರಿನಲ್ಲಿ ರೋಗದ ಗುರುತೇ ಇಲ್ಲವಾಯಿತು. 2016ರ ಮಾರ್ಚಿಯಲ್ಲಿ ಔಷಧವನ್ನು ನಿಲ್ಲಿಸಿದರು. ಅವರು ಕಾಲವಾದುದು 2024ರ ಡಿಸೆಂಬರ್ 29ರಂದು, ನೂರು ತುಂಬಿದ ಮೇಲೆ. ಎಲ್ಲರ ಹಣೆಯಲ್ಲಿಯೂ ಹಾಗೆ ಬರೆದಿರುವುದಿಲ್ಲ. ಆದರೆ ಔಷಧ ನಿಂತಿತೆಂದಮಾತ್ರಕ್ಕೆ ಆಯುಷ್ಯ ನಿಂತಿತೆಂದು ತಿಳಿಯಬೇಕಾಗಿಲ್ಲ.

ಮೇಷ್ಟ್ರ ಶ್ವಾಸಕೋಶದ ಗಂಟುಗಳು ಕುಗ್ಗಿದುವು. ಎರಡು ಮಾತ್ರ ಹಾಗೆಯೇ ಉಳಿದಿವೆ, ಬೆಳೆದಿಲ್ಲ. ಬಾಧೆಯ ಸರದಿ ಮುಗಿದಿರಲಿಲ್ಲ. ಔಷಧ ನಿಂತು ತಿಂಗಳುಗಳು ಕಳೆದ ಮೇಲೂ ಹೊಸ ಅಡ್ಡಪರಿಣಾಮ ತಲೆಯೆತ್ತಬಹುದು. ಅವರಿಗೆ ತಲೆನೋವು, ತಲೆಸುತ್ತು, ಎದ್ದು ನಿಲ್ಲಲಾರದ ಸುಸ್ತು ಬಂದಿತು. ಈ ಸಲ ತಾವಾಗಿಯೇ ದೂರವಾಣಿಯಲ್ಲಿ ತಿಳಿಸಿದರು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸೊರಗಿತ್ತು. ಅದು ಮತ್ತೆ ಚೇತರಿಸುವುದು ವಿರಳ. ಹೈಡ್ರೊಕಾರ್ಟಿಸೋನ್ ಮಾತ್ರೆ ಇನ್ನು ಅವರ ಬಾಳಸಂಗಾತಿ. ಒಂದು ದಿನವೂ ತಪ್ಪಿಸುವಂತಿಲ್ಲ. ಜ್ವರ ಬಂದರೆ ವೈದ್ಯರು ಹೇಳಿಕೊಟ್ಟಂತೆ ಪ್ರಮಾಣವನ್ನು ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡವಿಲ್ಲದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಬೇಕು. ಆ ವಿಷಯವನ್ನು ಬರೆದ ಚೀಟಿಯೊಂದು ಸದಾ ಅವರ ಅಂಗಿಯ ಜೇಬಿನಲ್ಲಿರುತ್ತದೆ.

ಕೈಮೇಲೆ, ಕತ್ತಿನ ಮೇಲೆ ಬಿಳಿಯ ಮಚ್ಚೆಗಳೂ ಮೂಡಿವೆ. ನಮ್ಮ ಸಮಾಜ ಅದಕ್ಕೆ ಎಂಥ ಹೆಸರಿಟ್ಟು ಎಷ್ಟು ದೂರ ಸರಿಯುತ್ತದೆಂಬುದನ್ನು ಹೇಳಬೇಕಾಗಿಲ್ಲ. ಮದುವೆಯ ಪಂಕ್ತಿಯಲ್ಲಿ ಒಬ್ಬರು ಎಲೆ ಬದಲಾಯಿಸಿ ಕುಳಿತರಂತೆ. ಆದರೆ ಈ ಕಾಯಿಲೆಯವರಲ್ಲಿ ಆ ಮಚ್ಚೆ ಬಹುಮಟ್ಟಿಗೆ ಶುಭಸೂಚನೆ. ಮೈಯ ಕಾವಲು ಬಣ್ಣದ ಜೀವಕೋಶಗಳನ್ನು ಗುರುತುಹಿಡಿದು ಬೆನ್ನಟ್ಟುತ್ತಿದೆಯೆಂಬುದರ ಕುರುಹು. ಮೇಷ್ಟ್ರು ಅಂದಿನಿಂದ ಅರ್ಧ ತೋಳಿನ ಅಂಗಿಯನ್ನೇ ತೊಡುತ್ತಾರೆ.

ಮೂರು ತಿಂಗಳಿಗೊಮ್ಮೆ ಸ್ಕ್ಯಾನು. ಅದರ ಹಿಂದಿನ ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. “ನಾನೀಗ ರೋಗಿಯೋ, ವಾಸಿಯಾದವನೋ?” ಎಂದು ಒಂದು ಸಂಜೆ ನನ್ನನ್ನು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮನೆಯಾಕೆ ಒಳಗಿನಿಂದಲೇ, “ಮಾತ್ರೆ ತಗೊಂಡಾಯ್ತೆ?” ಎಂದು ಕೇಳಿದರು. ಮೇಷ್ಟ್ರು ನಗುತ್ತ ಎದ್ದುಹೋದರು.

ಅವರ ಮೇಜಿನ ಮೇಲೆ ಈಗ ಇನ್ನೂರು ಪುಟದ ನೋಟುಪುಸ್ತಕವೊಂದಿದೆ. ಹಿಂದೆ ಮಕ್ಕಳ ಅಂಕಗಳಿಗೆ ಗೆರೆ ಎಳೆಯುತ್ತಿದ್ದಂತೆಯೇ ಗೆರೆ ಎಳೆದು, ದಿನಾಂಕ, ತೂಕ, ಜ್ವರ, ಕೆಮ್ಮು, ಉಬ್ಬಸ, ಎಷ್ಟು ಸಲ ಹೊರಗೆ ಹೋದದ್ದು ಎಲ್ಲವನ್ನೂ ಬರೆಯುತ್ತಾರೆ. ವೈದ್ಯರು ಮೊದಲು ಓದುವುದು ಅದನ್ನೇ. ಇಂಥ ಚಿಕಿತ್ಸೆಯಲ್ಲಿರುವವರು ಯಾರ ಮನೆಯಲ್ಲಿಯೇ ಇರಲಿ, ಅವರಿಗೊಂದು ನೋಟುಪುಸ್ತಕ ತಂದುಕೊಡಿ. ಅವರು ಬರೆಯಲು ಅಂಜಿದುದನ್ನು ನೀವು ಬರೆಯಿರಿ. ಸಂಕೋಚಪಟ್ಟು ನುಂಗಿಕೊಂಡ ಮಾತು ಆ ಔಷಧಕ್ಕಿಂತಲೂ ದುಬಾರಿಯಾದೀತು. ಮತ್ತೆ, ಇಂದು ಸ್ನಾನ ಮಾಡುವಾಗ ನಿಮ್ಮ ಅಂಗಾಲನ್ನೊಮ್ಮೆ ತಿರುಗಿಸಿ ನೋಡಿಕೊಳ್ಳಿ.