ಸಾಕ್ಷಿಯ ಬಾಯಿ ಕಟ್ಟುವವರು

ಖೂನಿಯ ಖಟ್ಲೆಯಲ್ಲಿ ಕಣ್ಣಾರೆ ಕಂಡವನೇ ಕಟಕಟೆಯನ್ನೇರಿ ತಾನೇನನ್ನೂ ಕಂಡಿಲ್ಲವೆನ್ನುತ್ತಾನೆ. ಸರಕಾರಿ ವಕೀಲರು ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಸಾರುತ್ತಾರೆ. ಆರೋಪಿಯು ಬಿಡುಗಡೆ ಹೊಂದಿ ಮನೆಗೆ ತೆರಳುತ್ತಾನೆ. ಊರವರೆಲ್ಲ ಸಾಕ್ಷಿಯನ್ನು ಹೇಡಿಯೆಂದು ಹಳಿಯುತ್ತಾರೆ. ಆದರೆ ಅವನ ಬಾಯಿ ಕಟ್ಟಿದವರಾರೆಂದು ಕೇಳುವವರು ವಿರಳ. ನಾವು ಆ ಪ್ರಶ್ನೆಯನ್ನೇ ವಾಚಕರ ಮುಂದಿಡುತ್ತೇವೆ.

ವಡೋದರೆಯ ಬೆಸ್ಟ್ ಬೇಕರಿ ಪ್ರಕರಣವನ್ನು ನೆನೆಯಿರಿ. 2002ರ ಮಾರ್ಚ್ 1ರಂದು ಅಲ್ಲಿ 14 ಜನರು ಹತರಾದರು. ಸಾಕ್ಷಿಗಳು ಮಾತು ತಿರುಗಿಸಲಾಗಿ, 2003ರಲ್ಲಿ 21 ಆರೋಪಿಗಳೂ ಬಿಡುಗಡೆ ಹೊಂದಿದರು. 2004ರಲ್ಲಿ ಸುಪ್ರೀಮ್ ಕೋರ್ಟು ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆಜ್ಞಾಪಿಸಿತು. 2006ರಲ್ಲಿ 9 ಜನರು ಅಪರಾಧಿಗಳೆನಿಸಿದರು. 2012ರಲ್ಲಿ ಮುಂಬಯಿ ಹೈಕೋರ್ಟು ಅವರಲ್ಲಿ ನಾಲ್ವರ ಶಿಕ್ಷೆಯನ್ನು ಎತ್ತಿಹಿಡಿಯಿತು. ಪದೇ ಪದೇ ಮಾತು ಬದಲಿಸಿದ ಮುಖ್ಯ ಸಾಕ್ಷಿಗೂ 2006ರಲ್ಲಿ ನ್ಯಾಯಾಲಯನಿಂದನೆಗಾಗಿ ಒಂದು ವರ್ಷದ ಸೆರೆವಾಸ ಪ್ರಾಪ್ತವಾಯಿತು.

ಸುಳ್ಳು ನುಡಿದವರಿಗೆ ಶಿಕ್ಷೆಯಾಗಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬೆದರಿ ಸುಳ್ಳಾಡುವವನಿಗಿಂತ ಬೆದರಿಸಿ ಸುಳ್ಳಾಡಿಸುವವನೇ ದೊಡ್ಡ ಅಪರಾಧಿಯೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಭಾರತೀಯ ನ್ಯಾಯ ಸಂಹಿತೆಯ 232ನೆಯ ಕಲಮಿನಂತೆ ಅವನಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸಾಕ್ಷಿಯು ಮಾತು ತಿರುಗಿಸಿದಾಗಲೆಲ್ಲ, ಆ ಕಲಮನ್ನು ಹಿಡಿದು ಬೆದರಿಸಿದವನನ್ನು ಹುಡುಕುವುದು ಪೋಲೀಸರ ಕರ್ತವ್ಯವಲ್ಲವೇ?

ಇಂಥ ದುಷ್ಟರಿಗೆ ವಿಳಂಬವೇ ಬಲ. ಒಂದು ಮುದ್ದತಿಗೂ ಇನ್ನೊಂದಕ್ಕೂ ನಡುವೆ ಸಾಕ್ಷಿಯ ಮನೆಗೆ ಹಿರಿಯರು ರಾಜಿಗೆಂದು ಬರುತ್ತಾರೆ. ಸಾಹುಕಾರನು ಹಳೆಯ ಸಾಲವನ್ನೆತ್ತುತ್ತಾನೆ. ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಅಪರಿಚಿತರು ನಿಲ್ಲುತ್ತಾರೆ. ಹಾಜರಿರುವ ಸಾಕ್ಷಿಗಳನ್ನು ವಿಚಾರಿಸದೆ, ವಿಶೇಷ ಕಾರಣವನ್ನು ಬರೆದಿಡದೆ, ಖಟ್ಲೆಯನ್ನು ಮುಂದೂಡಬಾರದೆಂದು ಕಾಯಿದೆಯಿದೆ. ಅದು ಅಕ್ಷರಶಃ ನಡೆಯಬೇಕು.

2018ರಲ್ಲಿ ಸುಪ್ರೀಮ್ ಕೋರ್ಟು ಸಾಕ್ಷಿಸಂರಕ್ಷಣೆಯ ಯೋಜನೆಯೊಂದನ್ನು ದೇಶಕ್ಕೆಲ್ಲ ಅನ್ವಯಿಸಿತು. ಅದರಂತೆ ಸಾಕ್ಷಿಯಾಗಲಿ, ಅವನ ಕುಟುಂಬದವರಾಗಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. ಮನೆಗೆ ಕಾವಲು, ಆರೋಪಿಯ ಕಣ್ಣಿಗೆ ಬೀಳದಂತೆ ಹೇಳಿಕೆ, ಅವಶ್ಯವಾದರೆ ಬೇರೆ ಊರಿನಲ್ಲಿ ವಾಸ, ಇವೆಲ್ಲ ದೊರೆಯಬಹುದು. ಪ್ರತಿಯೊಂದು ರಾಜ್ಯವೂ ಇಂಥ ಯೋಜನೆಯನ್ನು ರಚಿಸತಕ್ಕದ್ದೆಂದು 2023ರ ನಾಗರಿಕ ಸುರಕ್ಷಾ ಸಂಹಿತೆಯೂ ವಿಧಿಸಿದೆ. ಆದರೆ ಹಳ್ಳಿಯ ಕೂಲಿಕಾರನಿಗೆ ಈ ಹಕ್ಕನ್ನು ತಿಳಿಸುವವರಾರು?

ಉಪಾಧ್ಯಾಯರೇ, ವಕೀಲ ಬಂಧುಗಳೇ, ಈ ಭಾರವು ನಮ್ಮದು. ಸಮನ್ಸು ಬಂದವನಿಗೆ ಅರ್ಜಿ ಬರೆದುಕೊಡೋಣ. ತಾರೀಖಿನ ದಿನ ಅವನೊಡನೆ ನಾಲ್ಕು ಜನ ಕೋರ್ಟಿಗೆ ಹೋಗೋಣ. ಅವನು ಒಂಟಿಯಲ್ಲವೆಂದು ಕಂಡರೆ ಬೆದರಿಸುವವನೇ ಹಿಂಜರಿಯುವನು.