ಅಚ್ಚು ಮತ್ತು ಎಣಿಕೆ: ಮಿತಪ್ರತಿ ಕಲೆಯನ್ನು ಕುರಿತು

ಕನ್ನಡದಲ್ಲಿ ‘ಅಚ್ಚು’ ಎಂಬ ಪದಕ್ಕೆ ಎರಡು ಅರ್ಥಗಳು ಬಳಕೆಯಲ್ಲಿವೆ. ಬೆಲ್ಲ ಹೊಯ್ಯುವ ಅಚ್ಚು ಒಂದು. ಪುಸ್ತಕ ಅಚ್ಚಾಗುವುದು ಇನ್ನೊಂದು. ಮೊದಲನೆಯದರಲ್ಲಿ ಟೊಳ್ಳು ಘನವನ್ನು ರೂಪಿಸುತ್ತದೆ. ಎರಡನೆಯದರಲ್ಲಿ ಒಂದೇ ಆಕೃತಿ ಹಲವು ಪ್ರತಿಗಳಾಗಿ ಹರಡುತ್ತದೆ. ಕಟ್ಟಡವನ್ನೇ ವಸ್ತುವಾಗಿಸಿಕೊಂಡ ಪರಿಕಲ್ಪನಾತ್ಮಕ ಶಿಲ್ಪವನ್ನೂ ಪ್ರತಿಗಳ ಸಂಖ್ಯೆಯನ್ನು ಮೊದಲೇ ಗೊತ್ತುಪಡಿಸುವ ಕಲಾಮುದ್ರಣವನ್ನೂ ಒಟ್ಟಿಗೆ ನೋಡಲು ಈ ಒಂದು ಪದವೇ ನಮಗೆ ದಾರಿ ತೋರುತ್ತದೆ. ಬ್ರಿಟಿಷ್ ಕಲಾವಿದೆ ರೇಚಲ್ ವೈಟ್‌ರೀಡ್ ಅವರ ಎರಡು ಕೃತಿಗಳು ಇದಕ್ಕೆ ತಕ್ಕ ನಿದರ್ಶನ.

ಪೂರ್ವ ಲಂಡನ್ನಿನ ಗ್ರೋವ್ ರಸ್ತೆಯಲ್ಲಿ ಉದ್ಯಾನಕ್ಕೆಂದು ಸಾಲುಮನೆಗಳನ್ನು ಕೆಡವಲಾಗುತ್ತಿತ್ತು. ಉಳಿದಿದ್ದ 193ನೆಯ ಸಂಖ್ಯೆಯ ಮನೆಯ ಒಳಗೋಡೆಗಳಿಗೆ 1993ರಲ್ಲಿ ವೈಟ್‌ರೀಡ್ ಕಾಂಕ್ರೀಟ್ ಸಿಂಪಡಿಸಿದರು. ಅದು ಗಟ್ಟಿಯಾದ ಮೇಲೆ ಹೊರಗಿನ ಇಟ್ಟಿಗೆಗಳನ್ನು ಬಿಡಿಸಿದರು. ಉಳಿದದ್ದು ಮನೆಯಲ್ಲ, ಮನೆಯೊಳಗಿನ ಅವಕಾಶದ ಎರಕ. ಒಲೆಯ ಗೂಡು ಉಬ್ಬಾಗಿ ಹೊರಚಾಚಿತ್ತು. ಬಾಗಿಲಿನ ಗುರುತಿತ್ತು, ಪ್ರವೇಶವಿರಲಿಲ್ಲ. ‘ಹೌಸ್’ ಎಂಬ ಈ ಕೃತಿಯ ಕರ್ತೃವಿಗೆ 1993ರ ನವೆಂಬರ್ 23ರಂದು ಟರ್ನರ್ ಪ್ರಶಸ್ತಿ ಬಂದಿತು. ಅದೇ ದಿನ ಸ್ಥಳೀಯ ಆಡಳಿತ ಅದನ್ನು ಕೆಡವಲು ತೀರ್ಮಾನಿಸಿತು. 1994ರ ಜನವರಿ 11ರಂದು ಅದು ನೆಲಸಮವಾಯಿತು.

ಎರಡನೆಯದು, 1996ರಲ್ಲಿ ಪ್ರಕಟವಾದ ‘ಡೆಮಾಲಿಶ್ಡ್’ ಎಂಬ 12 ಸ್ಕ್ರೀನ್ ಪ್ರಿಂಟ್‌ಗಳ ಸಂಪುಟ. ಪೂರ್ವ ಲಂಡನ್ನಿನ ಹ್ಯಾಕ್ನಿ ಪ್ರದೇಶದಲ್ಲಿ ಸಾಮಾನ್ಯ ಜನರ ವಸತಿಗೆಂದು ಕಟ್ಟಿದ್ದ ಬಹುಮಹಡಿ ಕಟ್ಟಡಗಳು 1993ರಿಂದ 1995ರ ಅವಧಿಯಲ್ಲಿ ಸ್ಫೋಟಕ್ಕೆ ಸಿಕ್ಕಿ ಕುಸಿದ ಕ್ಷಣಗಳು ಇದರಲ್ಲಿವೆ. ಇದರ ಪ್ರತಿಗಳು 35 ಮಾತ್ರ.

ಈ ಎರಡು ಕೃತಿಗಳ ವಿರಳತೆ ಒಂದೇ ಬಗೆಯದಲ್ಲ. ‘ಹೌಸ್’ ಕೃತಿಗೆ ಅಚ್ಚಾಗಿದ್ದುದು ಆ ಮನೆಯೇ. ಎರಕ ಹೊರಬರಬೇಕಾದರೆ ಅಚ್ಚು ನಾಶವಾಗಲೇಬೇಕಿತ್ತು. ಎರಡನೆಯ ಪ್ರತಿ ಅಲ್ಲಿ ಅಸಾಧ್ಯ. ಮುದ್ರಣದ 35 ಎಂಬ ಎಣಿಕೆಯಾದರೋ ಒಂದು ಒಪ್ಪಂದ. ಜಾಲರಿಯ ಮೇಲಿನ ಆಕೃತಿ ಮೂವತ್ತಾರನೆಯ ಹಾಳೆಗೂ ಇಳಿಯಬಲ್ಲದು. ತಾಮ್ರಫಲಕದ ಮೇಲೆ ಸೂಜಿಯಿಂದ ನೇರವಾಗಿ ಗೀರಿದ ಚಿತ್ರದಲ್ಲಿ ಅಚ್ಚೊತ್ತಿದಷ್ಟೂ ಗೆರೆ ಸವೆಯುವುದರಿಂದ ಮಿತಿಗೆ ತಾಂತ್ರಿಕ ಕಾರಣವಿದೆ. ಸ್ಕ್ರೀನ್ ಪ್ರಿಂಟಿನಲ್ಲಿ ಆ ಒತ್ತಡ ಬಹಳ ಕಡಿಮೆ. ಮಿತಿಯಿಂದ ಕಲಾವಿದರಿಗೆ ಜೀವನೋಪಾಯವೂ ಮುದ್ರಣದ ಗುಣಮಟ್ಟದ ಮೇಲೆ ಹಿಡಿತವೂ ದೊರೆಯುತ್ತವೆಂಬ ವಾದ ನ್ಯಾಯವಾದುದೇ. ಆದರೆ ಅದು ಮಾರುಕಟ್ಟೆಯ ಸಮರ್ಥನೆಯೇ ಹೊರತು ಕೃತಿಯ ಮೌಲ್ಯದ ವಿವರಣೆಯಲ್ಲ.

ಇಲ್ಲಿ ನಮ್ಮ ಪರಂಪರೆಯ ಒಂದು ಸಂಗತಿಯನ್ನು ನೆನೆಯಬೇಕು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ದಾನದ ಹಿಂದೆ ಧರ್ಮಶ್ರದ್ಧೆಯೂ ಸಂಪತ್ತೂ ಇದ್ದವು. ಅದನ್ನು ಆಧುನಿಕ ಸಮಾನತೆಯ ಆದರ್ಶವೆಂದು ಬಣ್ಣಿಸಬೇಕಿಲ್ಲ. ಆದರೂ ಒಂದು ವೈದೃಶ್ಯ ಎದ್ದು ಕಾಣುತ್ತದೆ. ಒಂದೊಂದು ಓಲೆಯನ್ನೂ ಕೈಯಿಂದ ಬರೆಯಬೇಕಿದ್ದ ಕಾಲದಲ್ಲಿ ಪ್ರತಿಯನ್ನು ಹೆಚ್ಚಿಸುವುದು ಪುಣ್ಯವಾಗಿತ್ತು. ಪ್ರತಿ ತೆಗೆಯುವುದು ಸುಲಭವಾದ ಕಾಲದಲ್ಲಿ ಅದನ್ನು ತಡೆಯುವುದು ಬೆಲೆಯ ಮೂಲವಾಗಿದೆ.

‘ಡೆಮಾಲಿಶ್ಡ್’ ಸಂಪುಟದಲ್ಲಿ ಈ ಬಿಕ್ಕಟ್ಟು ಹೆಚ್ಚು ತೀವ್ರ. ಸಾವಿರಾರು ಜನರು ಬಾಳಿದ ಮನೆಗಳ ಅಳಿವಿನ ನೆನಪು ಅಲ್ಲಿ 35 ಮಂದಿ ಕೊಳ್ಳಬಹುದಾದ ವಸ್ತುವಾಗಿದೆ. ಆದ್ದರಿಂದ ಅದರ ಒಂದು ಪ್ರತಿ ಬ್ರಿಟನ್ನಿನ ಸಾರ್ವಜನಿಕ ಸಂಗ್ರಹವಾದ ಟೇಟ್‌ನಲ್ಲಿರುವುದು ಸಣ್ಣ ಸಂಗತಿಯಲ್ಲ. ಮನೆ ಕಳೆದುಕೊಂಡವರ ಮಕ್ಕಳೂ ಅದನ್ನು ನೋಡಬಹುದೆಂಬ ಸಾಧ್ಯತೆ ಅಲ್ಲಿ ಉಳಿದಿದೆ. ‘ಹೌಸ್’ ಕೃತಿಗಂತೂ ಈಗ ಛಾಯಾಚಿತ್ರಗಳು ಮತ್ತು ಚಲನಚಿತ್ರ ದಾಖಲೆಗಳೇ ಆಧಾರ. ಕೆಡವಿಯೂ ಅದು ಬದುಕಿರುವುದು ಎಣಿಕೆಯಿಲ್ಲದ ಆ ಪ್ರತಿಗಳಿಂದ.

ಮಿತಪ್ರತಿ ಮುದ್ರಣವನ್ನು ನಿರಾಕರಿಸುವುದು ಈ ಬರಹದ ಉದ್ದೇಶವಲ್ಲ. ಪೆನ್ಸಿಲಿನಲ್ಲಿ ಬರೆದ ‘3/35’ ಎಂಬ ಗುರುತನ್ನು ಶ್ರೇಷ್ಠತೆಯ ಮುದ್ರೆಯೆಂದು ಓದಬಾರದು ಎಂಬುದಷ್ಟೇ ಇದರ ನಿಲುವು. ಮಿತಿ ಮಾಧ್ಯಮದಿಂದ ಬಂದಿತೆ, ಒಪ್ಪಂದದಿಂದ ಬಂದಿತೆ? ಪ್ರತಿಗಳು ಯಾರ ಬಳಿ ಉಳಿದಿವೆ? ಹಸ್ತಪ್ರತಿಯೊಂದು ಯಾವ ಮಠದಲ್ಲಿ, ಯಾರ ಮನೆಯಲ್ಲಿ ದೊರೆಯಿತೆಂದು ದಾಖಲಿಸದೆ ಕನ್ನಡದ ಗ್ರಂಥಸಂಪಾದಕರು ಮುಂದುವರಿಯುವುದಿಲ್ಲ. ಅದೇ ಶಿಸ್ತನ್ನು ನಮ್ಮ ಕಲಾವಿಮರ್ಶೆಯೂ ರೂಢಿಸಿಕೊಳ್ಳಬೇಕು.