ಅಜ್ಜನ ಕಾಲದ ತೊಲೆ

ಮೊನ್ನೆ ಊರಿಗೆ ಹೋಗಿದ್ದಾಗ ನಮ್ಮ ಹಳೆಯ ಮನೆಯನ್ನು ಹೋಂಸ್ಟೇ ಮಾಡುವ ಮಾತು ನಡೆದಿತ್ತು. ನಡುಗಂಬವನ್ನು ತೆಗೆದು ವಿಶಾಲವಾದ ಹಾಲ್ ಮಾಡುವುದು, ಅಟ್ಟದ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಕೂರಿಸುವುದು ಯೋಜನೆ. ನಾನು ಆಕ್ಷೇಪಿಸಿದೆ. "ದೊಡ್ಡಪ್ಪ, ಇದು ಅಜ್ಜನ ಕಾಲದ ತೊಲೆ. ಇಷ್ಟು ವರ್ಷ ಅಡಿಕೆ ಮೂಟೆ ಹೊತ್ತಿದೆ. ನಿಮಗೆ ಸುಮ್ಮನೆ ಭಯ" ಎಂದ ತಮ್ಮನ ಮಗ.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈ ವಾದವನ್ನು ಕೇಳಿದ್ದೇನೆ. ಮೇಲ್ನೋಟಕ್ಕೆ ಇದು ಹಿರಿಯರ ಮೇಲಿನ ಗೌರವ. ವಾಸ್ತವದಲ್ಲಿ ಹಿರಿಯರ ಲೆಕ್ಕಾಚಾರಕ್ಕೆ ಮಾಡುವ ಅವಮಾನ.

ಇಷ್ಟು ಕಾಲ ಆ ಭಾರ ಹೊತ್ತದ್ದು ತೊಲೆಯೊಂದೇ ಅಲ್ಲ, ತೊಲೆ ಮತ್ತು ಕಂಬ ಕೂಡಿ. ಹದಿನಾರು ಅಡಿಯ ತೊಲೆಗೆ ನಡುವೆ ಕಂಬವಿದ್ದರೆ ಆಧಾರಗಳ ಅಂತರ ಎಂಟೇ ಅಡಿ. ಕಂಬ ತೆಗೆದರೆ ಅಂತರ ಎರಡು ಪಟ್ಟಾಗುತ್ತದೆ. ಆದರೆ ಉದ್ದಕ್ಕೂ ಹರಡಿದ ಅದೇ ಭಾರಕ್ಕೆ ತೊಲೆಯನ್ನು ಮುರಿಯಲೆತ್ನಿಸುವ ಒತ್ತಡ 4 ಪಟ್ಟು, ಬಾಗುವಿಕೆ ಕನಿಷ್ಠ 16 ಪಟ್ಟು!

ಇನ್ನು ಟ್ಯಾಂಕ್. ಸಾವಿರ ಲೀಟರ್ ನೀರೆಂದರೆ ಸಾವಿರ ಕಿಲೋ, ಅದೂ ಹೆಚ್ಚುಕಡಿಮೆ ಒಂದು ಚದರ ಮೀಟರಿನ ಮೇಲೆ. ವಾಸದ ಕೋಣೆಯ ನೆಲಕ್ಕೆ ಇಂದು ಎಂಜಿನಿಯರುಗಳು ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಅಡಿಕೆ ಮೂಟೆ ಮಾರಾಟವಾದ ಮೇಲೆ ಇಳಿಯುತ್ತದೆ, ಟ್ಯಾಂಕ್ ಇಳಿಯುವುದಿಲ್ಲ. ಕೆಲಕಾಲ ತಡೆದುಕೊಳ್ಳಬಲ್ಲ ಭಾರವನ್ನು ವರ್ಷಗಟ್ಟಲೆ ಹೊರಿಸಿದರೆ ಮರ ನಿಧಾನವಾಗಿ ಸೋಲುತ್ತದೆ.

ನಮ್ಮ ಆಚಾರಿಗಳು ಸೂತ್ರ ಬರೆಯಲಿಲ್ಲ. ಆದರೆ ಜಂತೆಯನ್ನು ಎಂದೂ ಅಡ್ಡ ಮಲಗಿಸಲಿಲ್ಲ. ಮೂರು ಇಂಚು ಅಗಲ, ಆರು ಇಂಚು ಎತ್ತರದ ಜಂತೆಯನ್ನು ಮಲಗಿಸಿದರೆ ಅದರ ಬಲ ಅರ್ಧಕ್ಕೂ ಬಿಗಿ ಕಾಲು ಭಾಗಕ್ಕೂ ಇಳಿಯುತ್ತದೆ. ಬಲವು ಎತ್ತರದ ವರ್ಗವನ್ನು ಅನುಸರಿಸುತ್ತದೆ ಎಂಬುದನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲೇ ಹೇಳಿದ್ದ. ಇದನ್ನರಿಯದ ಪ್ಲಂಬರ್, ಪೈಪ್ ಹಾಯಿಸಲು ಒಂಬತ್ತು ಇಂಚಿನ ತೊಲೆಯ ಅಡಿಭಾಗವನ್ನು ನಡುವೆ ಎರಡು ಇಂಚು ಕೊರೆದರೆ ಸುಮಾರು ಶೇಕಡಾ 40ರಷ್ಟು ಬಲ ಹೋಯಿತು. ಕೊರೆದ ಮೂಲೆಯಿಂದ ಸೀಳು ಹುಟ್ಟುವ ಅಪಾಯ ಬೇರೆ.

ತಪ್ಪು ನನ್ನದೂ ಇದೆ. ವರ್ಗ, ಘನ, ಅನುಪಾತಗಳನ್ನು ನಿಮಗೆ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದೆ. ಒಂದು ದಿನವೂ ಅಟ್ಟ ಹತ್ತಿಸಿ ತೊಲೆಯನ್ನು ಅಳೆಯಿಸಲಿಲ್ಲ. ಅಂಕ ಬಂತು, ವಿವೇಕ ಬರಲಿಲ್ಲ.

ಆದುದರಿಂದ ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಹಳೆಯ ಮನೆಯನ್ನು ಮುಟ್ಟುವ ಮೊದಲು ಬಲ್ಲ ಎಂಜಿನಿಯರರನ್ನು ಅಟ್ಟಕ್ಕೆ ಹತ್ತಿಸಿರಿ. ಗೋಡೆಯೊಳಗೆ ಹೊಕ್ಕ ತೊಲೆಯ ತುದಿಗಳಲ್ಲಿ ಗೆದ್ದಲು, ಕೊಳೆತ ಇವೆಯೇ ಎಂದು ನೋಡಿಸಿರಿ. ಟ್ಯಾಂಕಿಗೆ ಹೊರಗೆ ಬೇರೆ ಕಟ್ಟೆ ಕಟ್ಟಿಸಿರಿ. ಕಂಬ ಹಾಲಿನ ಅಂದ ಕೆಡಿಸುತ್ತದೆ ಎಂದು ತಮ್ಮನ ಮಗ ಈಗಲೂ ಗೊಣಗುತ್ತಿದ್ದಾನೆ. ಗೊಣಗಲಿ. ಆ ತೊಲೆಯ ಕೆಳಗೆ ಮಲಗುವವರು ಪರರ ಮಕ್ಕಳು; ಕಂಬ ಅಲ್ಲೇ ಇರಲಿ.